ಬಾವಿಗೆ ದನಿ ಕೊಟ್ಟವರು

ಮೊದಲೇ ಹೇಳಿಬಿಡುತ್ತೇನೆ, ನನಗೆ ಸಂಗೀತ ಬರುವುದಿಲ್ಲ. ವರ್ಷಾನುಗಟ್ಟಲೆ ರೆಕಾರ್ಡಿಂಗ್ ಸ್ಟುಡಿಯೋಗಳಲ್ಲಿ ದುಡಿದರೂ ಶ್ರುತಿ ಸೇರಿದೆಯೋ ಇಲ್ಲವೋ ಎನ್ನುವುದನ್ನು ಇವತ್ತಿಗೂ ಪಕ್ಕದವರ ಮುಖ ನೋಡಿಯೇ ತಿಳಿದುಕೊಳ್ಳುತ್ತೇನೆ. ನನಗೆ ಗೊತ್ತಿದ್ದದ್ದು ವೈರು, ಬೆಸುಗೆ, ಮತ್ತು ಸದ್ದು ಎಲ್ಲಿ ಕೆಡುತ್ತದೆ ಎನ್ನುವ ಒಂದು ಅಂದಾಜು. ನನ್ನ ಅಣ್ಣನ ಮೊಮ್ಮಗಳು ಈಗ ಸೌಂಡ್ ಇಂಜಿನಿಯರಿಂಗ್ ಕಲಿಯುತ್ತಿದ್ದಾಳೆ. ಮೊನ್ನೆ ಮನೆಗೆ ಬಂದವಳು, “ತಾತ, ವೊಕೋಡರ್ ಅಂದ್ರೆ ಕಂಪ್ಯೂಟರಲ್ಲಿ ಒಂದು ಬಟನ್ ಅಷ್ಟೇ ಅಲ್ವಾ?” ಎಂದಳು. ಬಟನ್ ಅಂತೆ. ನನಗೆ ರೇಗಿತು. ರೇಗಿದ್ದು ಅವಳ ಮೇಲಲ್ಲ. ಆ ಯಂತ್ರದ ಎದುರು ಕೂತು ನಾನು ಮಾಡಿದ ಒಂದು ತಪ್ಪನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡಿದ್ದೇನಲ್ಲ, ಅದಕ್ಕೆ. ಈಗ ಬರೆಯುತ್ತೇನೆ. ಸಂಬಳ, ಬಡ್ತಿ, ಸನ್ಮಾನದ ಕತೆ ಬೇಕಾದವರು ಬೇರೆ ಯಾರನ್ನಾದರೂ ಕೇಳಿಕೊಳ್ಳಿ.

ಎಂಬತ್ತರ ದಶಕದ ಮೊದಲ ವರ್ಷಗಳು. ನಮ್ಮ ಸ್ಟುಡಿಯೋ ಇದ್ದದ್ದು ಜಯನಗರದ ಒಂದು ಅಡ್ಡರಸ್ತೆಯಲ್ಲಿ. ಹೊರಗಿನಿಂದ ನೋಡಿದರೆ ಸುಮ್ಮನೆ ಒಂದು ಮನೆ. ಹಾಲನ್ನು ಎರಡು ಭಾಗ ಮಾಡಿ, ಮುಂದಿನದನ್ನು ಬಂದವರು ಕೂರುವುದಕ್ಕೆ ಬಿಟ್ಟು, ಹಿಂದಿನದನ್ನು ಕಂಟ್ರೋಲ್ ರೂಮ್ ಮಾಡಿದ್ದೆವು. ಹಾಡುವ ಕೋಣೆ ಎಂದರೆ ಹಳೆಯ ಅಡುಗೆಮನೆ. ಗೋಡೆಗೂ ಹಿತ್ತಲ ಬಾಗಿಲಿಗೂ ಗೋಣಿತಾಟು ಹೊಡೆದು, ಒಲೆ ಇಡುತ್ತಿದ್ದ ಕಟ್ಟೆಯ ಮುಂದೆ ಮೈಕು ನಿಲ್ಲಿಸಿದ್ದೆವು. ಮಾಲೀಕರು ವರದರಾಜನ್ ಸಾರ್, ಒಂದು ಎಲೆಕ್ಟ್ರಾನಿಕ್ಸ್ ಕಾರ್ಖಾನೆಯ ಕೆಲಸ ಬಿಟ್ಟು ಬಂದವರು. ಮನೆಯಲ್ಲಿ ತಮಿಳು, ನನ್ನ ಹತ್ತಿರ ಕನ್ನಡ, ಯಂತ್ರ ಕೆಟ್ಟಾಗ ಇಂಗ್ಲಿಷ್. ನಾನು ಕನಕಪುರದ ಕಡೆಯ ಹಳ್ಳಿಯವನು, ರೇಡಿಯೋ ರಿಪೇರಿ ಅಂಗಡಿಯಿಂದ ಅವರ ಹತ್ತಿರ ಸೇರಿದ್ದೆ. ಸಿಬ್ಬಂದಿ ಎಂದರೆ ನಾವಿಬ್ಬರೇ.

ಊರು ಬಿಟ್ಟು ಹೊರಟಿದ್ದ ಒಬ್ಬ ವಿದೇಶಿ ಸಂಗೀತಗಾರನಿಂದ ಸಾರ್ ಒಂದು ಮಾಡ್ಯುಲರ್ ಸಿಂಥಸೈಜರ್ ಕೊಂಡು ತಂದರು. ಮೂರು ಮರದ ಪೆಟ್ಟಿಗೆ, ಮುಖದ ತುಂಬ ತೂತು, ತಿರುಗಿಸುವ ನಾಬುಗಳು. ಅದರಲ್ಲಿ ಒಂದೊಂದು ಭಾಗಕ್ಕೂ ಒಂದೊಂದೇ ಕೆಲಸ. ಒಂದು ಸ್ವರ ಹುಟ್ಟಿಸುತ್ತದೆ, ಇನ್ನೊಂದು ಸೋಸುತ್ತದೆ, ಮತ್ತೊಂದು ಜೋರು ಮೆಲ್ಲಗೆ ಮಾಡುತ್ತದೆ. ಯಾವುದರ ಬಾಯನ್ನು ಯಾವುದರ ಕಿವಿಗೆ ಸೇರಿಸಬೇಕು ಎನ್ನುವುದನ್ನು ನಾವೇ ವೈರು ಚುಚ್ಚಿ ಹೇಳಬೇಕು. ಚುಚ್ಚುವ ತನಕ ಅದು ಬರೀ ಬೀರು. ಮೂರನೆಯ ಪೆಟ್ಟಿಗೆಯೇ ವೊಕೋಡರ್.

“ಪುಟ್ಟಸ್ವಾಮಿ, ಬಾಯಿ ಮುಚ್ಕೊಂಡು ‘ಮ್’ ಅನ್ನು,” ಎಂದರು ಸಾರ್ ಮೊದಲ ದಿನ. ಅಂದೆ. “ಹಂಗೇ ಬಾಯಿ ತೆಗಿ. ‘ಆ’ ಆಯ್ತಲ್ಲ? ಗಂಟಲು ಬದಲಾಯ್ತಾ? ಇಲ್ಲ. ಬಾಯಿ ಬದಲಾಯ್ತು. ಗಂಟಲು ನಾದ ಕೊಡುತ್ತೆ, ಬಾಯಿ ಅಕ್ಷರ ಮಾಡುತ್ತೆ. ಈ ಪೆಟ್ಟಿಗೆಗೆ ನಿನ್ನ ಗಂಟಲು ಬೇಡ ಕಣಯ್ಯ, ಬಾಯಿ ಮಾತ್ರ ಬೇಕು.”

ಅದು ಕೆಲಸ ಮಾಡುವುದು ಹೀಗೆ. ಮೈಕಿನಿಂದ ಬಂದ ಮಾತನ್ನು ಹದಿನಾರು ಜರಡಿಗೆ ಹಾಕುತ್ತದೆ. ತಳದ ಜರಡಿಯಲ್ಲಿ ಗಡಸು ಸದ್ದು ಮಾತ್ರ ಇಳಿಯುತ್ತದೆ, ಮೇಲಿನದರಲ್ಲಿ ಕೀಚಲು ಮಾತ್ರ. ಯಾವ ಜರಡಿಯಲ್ಲಿ ಎಷ್ಟು ಬಿತ್ತು ಎಂದು ಅಳೆದು, ಆ ಅಳತೆಯನ್ನು ವೋಲ್ಟೇಜ್ ಮಾಡಿ ವೈರಿನಲ್ಲಿ ಕಳಿಸುತ್ತದೆ. ಆ ಕಡೆ ಇನ್ನೂ ಹದಿನಾರು ಜರಡಿ. ಅವಕ್ಕೆ ಸುರಿಯುವುದು ಮಾತನ್ನಲ್ಲ, ಸಿಂಥಸೈಜರಿನ ಆರ್ಗನ್ನಿನಂಥ ಸ್ವರವನ್ನು. ಒಂದೊಂದರ ಹಿಂದೆಯೂ ಒಂದು ತೂಬು. ಈ ಕಡೆಯ ಅಳತೆ ಎಷ್ಟೋ ಆ ಕಡೆಯ ತೂಬು ಅಷ್ಟು ತೆರೆಯುತ್ತದೆ. ಆಗ ಆರ್ಗನ್ನು ಮಾತಾಡುತ್ತದೆ. ಆಡಿದವನ ದನಿ ಒಂದು ಹನಿಯಷ್ಟೂ ಆಚೆ ಹೋಗುವುದಿಲ್ಲ.

ಹೇಳುವುದಕ್ಕೆ ಸುಲಭ. ನಾನು ಮೊದಲ ಸಲ ಅಡುಗೆಮನೆಯಲ್ಲಿ ನಿಂತು ‘ಕ ಕಾ ಕಿ ಕೀ’ ಎಂದು ಕಾಗುಣಿತ ಹೇಳಿದಾಗ ಕಿವಿಯ ಹೆಡ್‌ಫೋನಿನಲ್ಲಿ ಬೇರೆ ಯಾರೋ ನನ್ನ ಬಾಯಲ್ಲಿ ಕೂತು ಹೇಳುತ್ತಿದ್ದರು. ಗಾಜಿನಾಚೆ ಪೆಟ್ಟಿಗೆಯ ಮೇಲೆ ಜರಡಿಗೊಂದು ದೀಪ; ಕೀ ಎಂದರೆ ಮೇಲಿನವು ಹೊತ್ತುತ್ತಿದ್ದವು, ಕೂ ಎಂದರೆ ಕೆಳಗಿನವು. ನಾನು ನಿಲ್ಲಿಸಿದರೆ ಅದೂ ತಟ್ಟನೆ ನಿಲ್ಲುತ್ತಿತ್ತು, ಉಸಿರು ಹಿಡಿದು ಕಾಯುವವರ ಹಾಗೆ. ಎರಡು ದಿನ ಒಬ್ಬನೇ ಆ ಕೋಣೆಗೆ ಹೋಗಲಿಲ್ಲ. ಹೊಟ್ಟೆನೋವು ಎಂದು ಸಾರ್‌ಗೆ ಸುಳ್ಳು ಹೇಳಿದೆ.

ನಗು ಬರುವ ಎಡವಟ್ಟುಗಳೂ ಆದವು. ಒಬ್ಬ ದರ್ಜಿ ತನ್ನ ಅಂಗಡಿಯ ಜಾಹೀರಾತು ಮಾಡಿಸಲು ಬಂದ. ಅಂಗಿಯೇ ಮಾತಾಡಬೇಕು, ‘ನಮ್ಮಲ್ಲಿ ಹೊಲಿಸಿದರೆ ಕಿತ್ತುಬರದ ಗುಂಡಿ’ ಅನ್ನಬೇಕು. ಅಂಗಿ ‘ಕಿತ್ತುಬರದ ಕುಂಡಿ’ ಅಂದಿತು. ಏಳು ಸಲ ಹೇಳಿಸಿದೆವು, ಏಳು ಸಲವೂ ಅದನ್ನೇ. ಹೆಂಡತಿಯ ಜೊತೆ ಬಂದಿದ್ದ ದರ್ಜಿ ನೆಲ ನೋಡುತ್ತ, “ಬೇರೆ ಪದ ಹಾಕಣ ಸಾರ್,” ಎಂದ. ಗ ಮತ್ತು ಕ ಅನ್ನುವಾಗ ಬಾಯಿ ಒಂದೇ, ವ್ಯತ್ಯಾಸವೆಲ್ಲ ಗಂಟಲಿನದು. ಗಂಟಲನ್ನು ಯಂತ್ರ ಹೊರಗೇ ಬಿಡುತ್ತದೆ.

ಆದರೆ ನನ್ನ ನಿದ್ದೆ ಕೆಡಿಸಿದ್ದು ಹಕಾರ. ಸ, ಶ, ಹ ಇವು ಬರೀ ಗಾಳಿ. ಆರ್ಗನ್ನಿನಲ್ಲಿ ಗಾಳಿ ಇಲ್ಲ. ಅದಕ್ಕೆಂದೇ ಪೆಟ್ಟಿಗೆಯಲ್ಲಿ ಒಂದು ಸ್ವಿಚ್ಚು ಇತ್ತು. ಗಾಳಿಯ ಅಕ್ಷರ ಬಂದಾಗ ಆರ್ಗನ್ ಬಿಟ್ಟು ‘ಸ್ಸ್’ ಎನ್ನುವ ಗಾಳಿಯ ಸದ್ದಿಗೆ ತಾನೇ ಹಾರುತ್ತಿತ್ತು. ಸ, ಶ ಸರಿಯಾಗಿ ಬಂದವು. ಹ ಮಾತ್ರ ಅದಕ್ಕೆ ಸಿಗಲೇ ಇಲ್ಲ. ಹಾಲು ಎಂದರೆ ಆಲು, ಹಗ್ಗ ಎಂದರೆ ಅಗ್ಗ. “ಯಂತ್ರ ನಿಮ್ಮೂರ ಕಡೇದು ಕಣೋ,” ಎಂದು ಸಾರ್ ಛೇಡಿಸಿದರು. ನಾನೂ ನಕ್ಕೆ. ಒಳಗೆ ಉರಿಯಿತು. ಹಳ್ಳಿಯಿಂದ ಬಂದು ಸೇರಿದ ಹೈಸ್ಕೂಲಿನಲ್ಲಿ ಮೇಷ್ಟ್ರು ನನ್ನನ್ನು ಬೆಂಚಿನ ಮೇಲೆ ನಿಲ್ಲಿಸಿ ‘ಹಾಸಿಗೆ, ಹೂವು, ಹೋಗು’ ಹೇಳಿಸಿ ತರಗತಿಯನ್ನೆಲ್ಲ ನಗಿಸಿದ್ದರು. ಹಟ ಹಿಡಿದೆ. ಯಂತ್ರದ ಬಾಯಿಂದ ಹಕಾರ ತೆಗೆಸಿಯೇ ಸೈ ಎಂದುಕೊಂಡೆ.

ಆ ಹೊತ್ತಿಗೆ ಮಕ್ಕಳ ಕತೆಯ ಒಂದು ಕ್ಯಾಸೆಟ್ ಕೆಲಸ ಬಂತು. ಅದರಲ್ಲಿ ಒಂದು ಬಾವಿ ಮಾತಾಡುತ್ತದೆ. ಬಾವಿಯ ಮಾತು ಹೇಳಲು ಬಂದವರು ಲಲಿತಕ್ಕ. ಮದುವೆಗೆ ಮುಂಚೆ ನಾಟಕದಲ್ಲಿದ್ದವರು, ಮನೆ ಕತ್ರಿಗುಪ್ಪೆಯಲ್ಲಿ, ಒಂದನೇ ಕ್ಲಾಸಿನ ಮಗಳು, ಕಾರ್ಖಾನೆಯಲ್ಲಿ ಪಾಳಿ ಕೆಲಸದ ಗಂಡ. ಒಂದು ಸಾಲನ್ನು ಹತ್ತು ಸಲ ಹೇಳಿಸಿದರೂ ಮುಖ ಸಣ್ಣದು ಮಾಡುತ್ತಿರಲಿಲ್ಲ. “ನಿಮ್ಮ ಪೆಟ್ಟಿಗೆಗೆ ಏನು ಬೇಕೋ ಕೇಳಿ ಪುಟ್ಟಸ್ವಾಮಿ, ಹೇಳ್ತೀನಿ,” ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಸಾರ್ ಕಾಫಿಗೆ ಹೋಗಿದ್ದರು. ಲಲಿತಕ್ಕ ಕೋಣೆಯಲ್ಲೇ ಕೂತು ಸುಧಾರಿಸಿಕೊಳ್ಳುತ್ತಿದ್ದರು. ನಾನು ಆ ಹಾರುವ ಸ್ವಿಚ್ಚನ್ನೇ ಕಿತ್ತುಹಾಕಿ, ಆರ್ಗನ್ ಸ್ವರದ ಜೊತೆ ಸ್ವಲ್ಪ ಗಾಳಿಯ ಸದ್ದನ್ನು ಸದಾ ಬೆರೆಸಿಟ್ಟೆ. ಮೈಕಿನ ಬಲವನ್ನು ಪೂರಾ ಏರಿಸಿದೆ. ಕೋಣೆಯ ಸದ್ದು ಸ್ಪೀಕರಿಗೆ ಬರದಂತೆ ಮಿಕ್ಸರಿನಲ್ಲಿ ಮೈಕಿನ ದಾರಿ ಮುಚ್ಚಿದ್ದೆ, ಆದರೆ ವೊಕೋಡರಿಗೆ ಹೋಗುವ ವೈರು ಅದಕ್ಕಿಂತ ಮೊದಲೇ ಕವಲೊಡೆದಿತ್ತು. ಅದು ನನ್ನ ಗಮನಕ್ಕೆ ಬರಲಿಲ್ಲ.

ಎದುರಿನ ಸ್ಪೀಕರು ಮಾತಾಡಿತು. ಕೋಣೆಯಿಂದ ಪಿಟ್ಟೆನ್ನುವ ಸದ್ದಿಲ್ಲ, ಗಾಜಿನಾಚೆ ಲಲಿತಕ್ಕ ನನಗೆ ಬೆನ್ನು ಮಾಡಿ ಕೂತಿದ್ದಾರೆ, ಆದರೆ ಆ ದಪ್ಪ ಬಾವಿಯ ದನಿ ನಿಧಾನವಾಗಿ ಹೇಳುತ್ತಿದೆ: “ಪುಟ್ಟೀ… ಅಜ್ಜಿ ಹತ್ರ ಇರು. ಅಳಬಾರ್ದು. ಅಮ್ಮ ಹೋಗ್ತೀನಿ.”

ಮೈ ಜುಂ ಎಂದಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ಜುಂ ಎಂದದ್ದು ಹಕಾರಕ್ಕೆ. ಅಜ್ಜಿ ಹತ್ರ, ಹೋಗ್ತೀನಿ, ಎರಡೂ ಕಡೆ ಎಂಥ ಚೊಕ್ಕ ಹ. ಟೇಪ್ ಓಡುತ್ತಿತ್ತು. ನಾಬುಗಳ ಅಳತೆಯನ್ನೆಲ್ಲ ನೋಟ್‌ಬುಕ್ಕಿಗೆ ಇಳಿಸಿಕೊಂಡು, ಕೆಳಗೆ ‘ಹ ಸರಿಯಾಗಿ ಬಂತು’ ಎಂದು ಬರೆದು ಎರಡು ಗೆರೆ ಎಳೆದೆ. ಲಲಿತಕ್ಕ ಹೊರಗೆ ಬಂದು, ನೀರು ಕುಡಿದು, ಚೀಲ ತೆಗೆದುಕೊಂಡು ಹೊರಟರು. ನಾನು ತಲೆ ಎತ್ತಲೂ ಇಲ್ಲ.

ಸಾರ್ ಬಂದ ಕೂಡಲೇ ಟೇಪ್ ಹಾಕಿ ಹಕಾರ ಕೇಳಿಸಿದೆ. ಅವರು ಇನ್ನೊಮ್ಮೆ ಹಾಕಿಸಿದರು.

“ಇದು ಕತೇಲಿ ಎಲ್ಲಿದೆ?”

“ಕತೇದಲ್ಲ ಸಾರ್. ಅವರೇನೋ ಪಿಸುಗುಟ್ಕೊಂಡ್ರು.”

“ಅಯ್ಯೋ ಪಾಪಿ. ಮನೆಯಿಂದ ಹೊರಡೋರು ಯಾರಾದ್ರೂ ‘ಹೋಗ್ತೀನಿ’ ಅಂತಾರಾ? ನಮ್ಮಲ್ಲೂ ಅನ್ನಲ್ಲ, ನಿಮ್ಮಲ್ಲೂ ಅನ್ನಲ್ಲ. ‘ಬರ್ತೀನಿ’ ಅಂತಾರೆ. ಅದೂ ಮಗೂಗೆ.” ಅವರ ಕೈ ಆಗಲೇ ಸ್ಕೂಟರಿನ ಕೀ ಹುಡುಕುತ್ತಿತ್ತು. “ಹಕಾರ ಕೇಳಿಸ್ತು ನಿಂಗೆ. ಆ ಹೆಂಗಸು ಸಾಯಕ್ಕೆ ಹೊರಟಿರೋದು ಕೇಳಿಸ್ಲಿಲ್ಲ.”

ಇಬ್ಬರೂ ಸ್ಕೂಟರ್ ಹತ್ತಿದೆವು. ಕತ್ರಿಗುಪ್ಪೆಯ ಆ ಮನೆಯ ಬಾಗಿಲು ತೆಗೆದವರು ಲಲಿತಕ್ಕನ ಯಜಮಾನರು, ಬನಿಯನ್ನಿನಲ್ಲಿ. ಸಾರ್ ಏನೋ ನೆಪ ಹೇಳುವವರಿದ್ದರು, ನಾನು ತಡೆಯದೆ, “ಅಕ್ಕ ಬಂದ್ರಾ ಸಾರ್? ಮಗೂನ ಅಜ್ಜಿ ಹತ್ರ ಬಿಟ್ಟು ಹೋಗ್ತೀನಿ ಅಂತಿದ್ರು,” ಎಂದುಬಿಟ್ಟೆ.

ಅವರು ಗಾಬರಿಯಾಗಲಿಲ್ಲ. ಒಳಗೆ ಹೋಗಿ ಅಕ್ಕನ ಬಟ್ಟೆಯ ಟ್ರಂಕಿನ ಮುಚ್ಚಳ ತೆಗೆದರು, ನೋಡಿದರು, ಮುಚ್ಚಿದರು. ಅಂಗಿ ಹಾಕಿಕೊಳ್ಳುತ್ತ ತೀರ ಮೆತ್ತನೆಯ ದನಿಯಲ್ಲಿ, “ಎಷ್ಟ್ ಹೊತ್ತಾಯ್ತು ಅಲ್ಲಿಂದ ಹೊರಟು?” ಎಂದು ಕೇಳಿದರು. ಹೇಳಿದೆ. “ನೀವು ಹೊರಡಿ. ನಾನ್ ನೋಡ್ಕೋತೀನಿ.” ಸದ್ಯ, ಉಳಿಸಿಕೊಳ್ಳುತ್ತಾರೆ ಎಂದು ನನ್ನ ಕಣ್ಣಲ್ಲಿ ನೀರು ಬಂತು.

ಮುಂದಿನ ವಾರ ಅವರೇ ಲಲಿತಕ್ಕನನ್ನು ಕರೆತಂದರು. ಅಕ್ಕ ಸೆರಗನ್ನು ಕುತ್ತಿಗೆಗೆ ಸುತ್ತಿಕೊಂಡಿದ್ದರು. “ಅವಳಿಗೆ ಗಂಟಲು ಕೂತಿದೆ,” ಎಂದು ಅವರ ಪರವಾಗಿ ಯಜಮಾನರೇ ಹೇಳಿ, ಮುಂದಿನ ಕೋಣೆಯಲ್ಲಿ ಪೇಪರ್ ಹಿಡಿದು ಕೂತರು. ಅಕ್ಕ ಒಳಗೆ ಹೋಗಿ ಮೈಕಿನ ಮುಂದೆ ಬರೀ ಪಿಸುಗುಟ್ಟಿದರು. ಸ್ಪೀಕರಿನಲ್ಲಿ ಬಾವಿಯ ದನಿ ಹೋದ ವಾರ ಹೇಗಿತ್ತೋ ಹಾಗೇ ಗುಡುಗಿತು: “ಯಾರು? ಯಾರು ಕೂಗಿದ್ದು?” ಗಂಟಲು ಇದ್ದರೂ ಅಷ್ಟೇ, ಹೋದರೂ ಅಷ್ಟೇ, ಯಂತ್ರಕ್ಕೆ ಲೆಕ್ಕವಿಲ್ಲ.

ಸಾರ್‌ಗೆ ಏನೋ ಹೊಳೆದಿರಬೇಕು. ಮಧ್ಯದ ಬಾಗಿಲು ಮುಚ್ಚಿ, ಸ್ಪೀಕರು ಆರಿಸಿ, ಇಬ್ಬರಿಗೂ ಹೆಡ್‌ಫೋನ್ ಹಾಕಿದರು. ಒಳಗಿಂದ ಅದೇ ಬಾವಿ, ಅದೇ ಲಯದಲ್ಲಿ, ಪುಟ ತಿರುವಿದ ಹಾಗೆ ಮಾಡಿ ಬೇರೆ ಮಾತು ಹೇಳತೊಡಗಿತು.

“ಪುಟ್ಟಸ್ವಾಮಿ, ಸಾಯಕ್ಕೆ ಹೊರಟೆ ಅಂದ್ಕೊಂಡ್ರೇನೋ, ನಾನು ಸಾಯಕ್ಕೆ ಹೊರಟಿರ್ಲಿಲ್ಲ. ಶಿವಮೊಗ್ಗದಲ್ಲಿ ಹಾಸ್ಟೆಲ್ ವಾರ್ಡನ್ ಕೆಲಸ ಸಿಕ್ಕಿತ್ತು. ವಾರ ಬಿಟ್ಟು ಮಗೂನ ಕರ್ಸ್ಕೊಳ್ಳೋಳಿದ್ದೆ. ಆ ಮನೆಗೆ ಮತ್ತೆ ಬರಲ್ಲ ಅಂತಲೇ ಹೋಗ್ತೀನಿ ಅಂದಿದ್ದು. ಬಸ್ಸಲ್ಲಿ ಕಿಟಕಿ ಪಕ್ಕ ಕೂತಿದ್ದೆ. ಅಲ್ಲಿಂದ ಇಳಿಸ್ಕೊಂಡ್ ಬಂದ್ರು. ನೀವು ಯಾಕೆ ಮನೆಗೆ ಹೋದ್ರಿ?”

ಇಷ್ಟು ವರ್ಷದಲ್ಲಿ ನನ್ನನ್ನು ಯಾರ್ಯಾರೋ ಬೈದಿದ್ದಾರೆ. ಒಂದು ಬಾವಿ ಬೈಯದೆ ಹಾಗೆ ಕೇಳಿದ್ದನ್ನು ಮಾತ್ರ ಮರೆಯಲಾಗಲಿಲ್ಲ. ಈ ಕೆಲಸಕ್ಕೆ ಬರುವವರು ಇದೊಂದು ಮಾತು ನೆನಪಿಡಿ: ಮೈಕು ತೆರೆದಿದ್ದರೆ ಒಳಗಿರುವವರಿಗೆ ಹೇಳಿ. ಕೇಳಿಸಿಕೊಂಡದ್ದು ಅವರದು, ನಿಮ್ಮದಲ್ಲ. ಮತ್ತೆ, ಆ ಯಜಮಾನರನ್ನು ಇನ್ನು ಮೇಲೆ ‘ಅವನು’ ಎಂದೇ ಬರೆಯುತ್ತೇನೆ. ಬಹುವಚನ ಇಲ್ಲಿಗೆ ಸಾಕು.

ಸಾರ್ ಒಳಕ್ಕೆ ಮಾತಾಡುವ ಸ್ವಿಚ್ಚು ಒತ್ತಿದರು. “ಅಮ್ಮ, ಮುಂದಿನ ಮಂಗಳವಾರ ಬನ್ನಿ. ಬರಿಗೈಲಿ ಬನ್ನಿ. ನಿಮ್ಮಮ್ಮ ಮಗೂನ ಸ್ಕೂಲಿಂದ ಬಸ್ ಸ್ಟ್ಯಾಂಡಿಗೆ ಕರ್ಕೊಂಡ್ ಬರ್ಲಿ. ಮಿಕ್ಕಿದ್ದು ನಮ್ಮ ಕೆಲಸ.”

ಅವರು ಹೋದ ಮೇಲೆ ಸಾರ್ ನನ್ನನ್ನು ಕೋಣೆಗೆ ತಳ್ಳಿ, ಬಾವಿಯ ಅದೇ ಸಾಲನ್ನು ನನ್ನಿಂದ ಪಿಸುಗುಟ್ಟಿಸಿದರು. ಆಮೇಲೆ ಎರಡೂ ಟೇಪನ್ನು ಒಂದರ ಹಿಂದೆ ಒಂದು ಹಾಕಿದರು. ಯಾವುದು ಲಲಿತಕ್ಕ, ಯಾವುದು ನಾನು? ನನಗೇ ಗೊತ್ತಾಗಲಿಲ್ಲ. ನಾನು ನಾನಲ್ಲದೆ ಹೋಗುವುದು ಅಷ್ಟು ಸುಲಭ ಎಂದು ಆಗ ತಿಳಿಯಿತು. ಅಕ್ಕ ಎಲ್ಲಿ ನಿಲ್ಲಿಸುತ್ತಾರೆ, ಎಲ್ಲಿ ಎಳೆಯುತ್ತಾರೆ ಎನ್ನುವುದನ್ನು ವಾರವೆಲ್ಲ ಕಲಿತೆ. ಜೆ.ಪಿ. ನಗರದ ನನ್ನ ರೂಮಿಗೆ ನಡೆದುಹೋಗುವಾಗ ಪಿಸುಗುಟ್ಟಿಕೊಂಡೇ ಹೋಗುತ್ತಿದ್ದೆ. ಎದುರು ಬಂದವರು ರಸ್ತೆ ದಾಟಿ ಆಚೆ ಹೋಗುತ್ತಿದ್ದರು.

ಮಂಗಳವಾರ ಹನ್ನೊಂದೂವರೆಗೆ ಅವನು ಅಕ್ಕನನ್ನು ಕರೆತಂದ. ಗಾಜಿಗೆ ಪರದೆ ಹಾಕಿತ್ತು. ಎದುರಿಗೆ ಜನ ಕಂಡರೆ ಹೇಳೋಕೆ ಸಂಕೋಚವಂತೆ ಎಂದು ಸಾರ್ ಹೇಳಿದರು. ನಾನು ಅವನ ಎದುರೇ, “ಟೇಪ್ ತರಕ್ಕೆ ಹೋಗ್ಬರ್ತೀನಿ ಸಾರ್,” ಎಂದು ಮುಂದಿನ ಬಾಗಿಲಿಂದ ಹೊರಟು ಪಕ್ಕದ ಸಂದಿಯಲ್ಲಿ ಹಿತ್ತಲಿಗೆ ಬಂದೆ. ಗೋಣಿತಾಟು ಬಿಚ್ಚಿಟ್ಟಿದ್ದ ಬಾಗಿಲಿನಿಂದ ಅಕ್ಕ ಹೊರಗೆ ಬಂದರು. ಹೆಡ್‌ಫೋನನ್ನು ನನ್ನ ಕೈಗೆ ಕೊಟ್ಟು, ಒಗೆಯುವ ಕಲ್ಲಿನ ಪಕ್ಕದಿಂದ ನಡೆದು ಹೋದರು. ಹೆಡ್‌ಫೋನ್ ಇನ್ನೂ ಬೆಚ್ಚಗಿತ್ತು.

ಓದತೊಡಗಿದೆ. ನಾನು ಒಳಗೆ ಪಿಸುಗುಟ್ಟಿದ್ದು ಹೊರಗೆ ಲಲಿತಕ್ಕನ ಬಾವಿಯಾಗಿ ಗುಡುಗುತ್ತಿತ್ತು. ‘ಹಗ್ಗ’ ಬಂದಲ್ಲೆಲ್ಲ ಬೆವರಿದೆ. ಮುಗಿದ ಪುಟಗಳನ್ನೇ ಸಾರ್ ಮತ್ತೆ ಮತ್ತೆ ಹೇಳಿಸಿದರು. ಬಸ್ಸು ಹನ್ನೆರಡೂವರೆಗೆ. ಅದು ಊರು ಬಿಟ್ಟು ದೂರ ಹೋಗುವ ತನಕ ಅವನು ಆ ಕುರ್ಚಿಯಿಂದ ಏಳಬಾರದು.

ಮೂರರ ಸುಮಾರಿಗೆ ಗಾಜಿನಾಚೆಯಿಂದ ಅವನ ದನಿ ಮಸುಕಾಗಿ ಕೇಳಿಸಿತು. ಕಂಟ್ರೋಲ್ ರೂಮಿಗೆ ಬಂದು ಸಾರ್ ಹತ್ತಿರ, “ಅವಳಿಗೆ ಒಂದ್ ಮಾತ್ ಹೇಳ್ಬೇಕು,” ಎನ್ನುತ್ತಿದ್ದ. ಬಾಗಿಲು ತೆಗೆಯೋ ಹಾಗಿಲ್ಲ, ಇಲ್ಲಿಂದಲೇ ಹೇಳಿ ಎಂದರು ಸಾರ್. ಸ್ವಿಚ್ಚು ಒತ್ತಿದ ಸದ್ದು, ಸಾರ್ ಎದ್ದು ಬಾಗಿಲ ಕಡೆ ಸರಿದ ಸದ್ದು. ಆಮೇಲೆ ಅವನು ನನ್ನ ಎರಡೂ ಕಿವಿಯೊಳಗೆ ಇದ್ದ.

“ಲಲಿತಾ. ಸಂಜೆ ಹೋಗ್ತಾ ಹೂವು ತಗೊಳ್ಳೋಣ. ಇವತ್ತು ಏನೂ ಮಾಡಲ್ಲ, ಆಣೆ. ನೀನ್ ಸರಿಯಾಗಿದ್ರೆ ನಾನ್ಯಾಕೆ ಕುತ್ತಿಗೆಗೆ ಕೈ ಹಾಕ್ಲಿ ಹೇಳು. ನಂಗೂ ಆಮೇಲೆ ಬೇಜಾರಾಗುತ್ತೆ. ಆದ್ರೆ ಇನ್ನೊಂದ್ಸಲ ಬಸ್ ಹತ್ತಿದ್ರೆ ಮಗು ಮುಖ ನೋಡಕ್ಕೆ ನೀನಿರಲ್ಲ. ಕೇಳಿಸ್ತಾ?”

ಅದೇ ಮೆತ್ತನೆಯ ದನಿ, ಕತ್ರಿಗುಪ್ಪೆಯ ಬಾಗಿಲಲ್ಲಿ ಕೇಳಿದ್ದು. ನಾನು ಇಪ್ಪತ್ತೈದರ ಗಂಡಸು, ಕೋಣೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕಿತ್ತು, ಆದರೂ ಅದು ಪೂರಾ ಬಿದ್ದಿದೆಯೇ ಎಂದು ಮುಟ್ಟಿ ನೋಡಿದೆ. ಇವನೊಬ್ಬನ ಜೊತೆ ದಿನಾ ಮನೆಗೆ ಹೋಗಬೇಕು ಎಂದರೆ ಏನು ಎನ್ನುವುದು ಆ ಕ್ಷಣದ ತನಕ ನನಗೆ ಗೊತ್ತೇ ಇರಲಿಲ್ಲ.

“ಲಲಿತಾ. ಕೇಳಿಸ್ತಾ ಅಂದೆ.”

“ಕೇಳಿಸ್ತು ರೀ,” ಎಂದು ಪಿಸುಗುಟ್ಟಿದೆ. ಹೊರಗೆ ಬಾವಿ ಅದನ್ನು ಹೇಳಿತು. ಅವನು ಸಮಾಧಾನದಿಂದ ನಕ್ಕ ಸದ್ದು ಬಂತು. “ದನಿ ನೋಡಿ ಸಾರ್, ಹೆದರಿಕೆ ಆಗುತ್ತೆ,” ಎಂದ. ಹೋಗಿ ಮತ್ತೆ ಕುರ್ಚಿಯಲ್ಲಿ ಕೂತ.

ಐದು ಗಂಟೆಗೆ ಸಾರ್ ಟೇಪ್ ನಿಲ್ಲಿಸಿದರು. ಹಿತ್ತಲಿನಿಂದ ಹೊರಟುಬಿಡು ಎಂದು ನನಗೆ ಮೊದಲೇ ಹೇಳಿದ್ದರು. ಹೋಗಲಿಲ್ಲ. ಅವನು ಬಂದು ಬಾಗಿಲು ತಟ್ಟಿದ. ಅಗುಳಿ ತೆಗೆದೆ.

ಅವನು ಒಳಗೆ ಬಗ್ಗಿ ಕಟ್ಟೆ ನೋಡಿದ, ಮೈಕು ನೋಡಿದ, ತೆರೆದಿದ್ದ ಹಿತ್ತಲ ಬಾಗಿಲು ನೋಡಿದ. ಕೊನೆಗೆ ನನ್ನ ಕುತ್ತಿಗೆಯಲ್ಲಿ ಇಳಿಬಿದ್ದಿದ್ದ ಹೆಡ್‌ಫೋನ್ ನೋಡಿದ. ಅವನ ಕೈ ಮೇಲೆದ್ದಿತು. ಸಾರ್ ಹಿಂದೆಯೇ ಬಂದು ನಿಂತಿದ್ದರು. ನಾನು ಅವನ ಮುಖದಿಂದ ಕಣ್ಣು ತೆಗೆಯಲಿಲ್ಲ.

“ಆಗ ನಾನು ಆ ಮಾತೆಲ್ಲ ಹೇಳಿದ್ದು ಯಾರಿಗೆ?” ಎಂದ.

ಐದು ಗಂಟೆ ಹೊತ್ತು ಪಿಸುಗುಟ್ಟಿ ನನ್ನ ಗಂಟಲು ಒಣಗಿಹೋಗಿತ್ತು. “ನನಗೆ,” ಎಂದೆ.

ಎದ್ದ ಕೈ ಸುಮ್ಮನೆ ಕೆಳಗಿಳಿಯಿತು. ನನ್ನ ಮುಖ ನೋಡಲಾರದೆ ತಿರುಗಿ ಹೋಗಿ, ಬಾಗಿಲ ಹತ್ತಿರ ಚಪ್ಪಲಿ ಹುಡುಕತೊಡಗಿದ. ಬಸ್ಸು ಅಷ್ಟು ಹೊತ್ತಿಗೆ ಅರಸೀಕೆರೆ ದಾಟಿತ್ತೆಂದು ಆಮೇಲೆ ಲಲಿತಕ್ಕ ಬರೆದ ಕಾರ್ಡಿನಿಂದ ತಿಳಿಯಿತು.